ಬೇಬಿ ಆಫ್ ಏಸಿ ಪೈಪ್

೧೯೯೨ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೇ ಕ್ಲಾಸು, ಅರ್ಧವಾರ್ಷಿಕ ಪರೀಕ್ಷೆ ಆಗಷ್ಟೇ ಮುಗಿದಿತ್ತು. ವಿಜ್ಞಾನದ ಪುಸ್ತಕದಲ್ಲಿ ಒಂದು ಚಿತ್ರವಿತ್ತು. ಹೂವನ್ನು ಉದ್ದಕ್ಕೆ ಸೀಳಿ, ಒಳಗಿನ ಒಂದೊಂದು ಭಾಗಕ್ಕೂ ಗೆರೆ ಎಳೆದು ಹೆಸರು ಬರೆದದ್ದು. ಆ ಪಾಠ ರಜೆ ಕಳೆದ ಮೇಲೆ ಎಂದಿದ್ದರು ಮಾಸ್ಟ್ರು. ರಜೆ ಕಳೆಯುವಷ್ಟರಲ್ಲಿ ನಾನು ಕೆಂಪುಕಲ್ಲಿನ ಕೋರೆಯಲ್ಲಿ ಪಿಕಾಸಿ ಹಿಡಿದಿದ್ದೆ. ಅದಕ್ಕೆ ನನಗೆ ಬೇಸರವಿಲ್ಲ. ಕಲ್ಲು ನನಗೆ ಅನ್ನ ಕೊಟ್ಟಿತು, ವಿಮಾನ ಹತ್ತಿಸಿತು, ನಾಲ್ಕು ಜನರ ಮುಂದೆ ತಲೆ ಎತ್ತಿ ನಿಲ್ಲುವ ಹಾಗೆ ಮಾಡಿತು. ಹೂವಿನ ಪಾಠ ಮಾತ್ರ ಬಾಕಿ ಉಳಿಯಿತು.

ಅದು ನೆನಪಾದದ್ದು ಹೋದ ತಿಂಗಳು. ಬೆಳಿಗ್ಗೆ ಕೆಲಸಕ್ಕೆ ಹೊರಡಲೆಂದು ಪಿಕಪ್ಪಿನ ಬಳಿ ಹೋದರೆ ಮುಂದಿನ ಗಾಜಿನ ತುಂಬ ಹಳದಿ ಪುಡಿ. ರಾತ್ರಿ ಗಾಳಿಗೆ ಮರಳು ಬಂದಿರಬೇಕೆಂದುಕೊಂಡು ಬೆರಳಿನಿಂದ ಒರೆಸಿದೆ. ಮರಳು ಬೆರಳಿಗೆ ಹಾಗೆ ಮೆತ್ತಿಕೊಳ್ಳುವುದಿಲ್ಲ... ಮೂಗಿನ ಹತ್ತಿರ ತಂದೆ. ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣ ಸಿಹಿ ವಾಸನೆ. ತಲೆ ಎತ್ತಿ ನೋಡಿದರೆ, ಬೂದು ಹಸಿರು ಎಲೆಗಳ ನಡುವೆ ಬೆರಳುದ್ದದ ಹಳದಿ ಕುಚ್ಚುಗಳು ತೂಗುತ್ತಿದ್ದವು. ಒಂದೆರಡಲ್ಲ, ಮರದ ತುಂಬ. ಅದರ ಸುತ್ತ ಜೇನುನೊಣಗಳು. ಈ ಬಿಸಿಲಿನ ಊರಿನಲ್ಲಿ ಅಷ್ಟು ನೊಣಗಳು ಎಲ್ಲಿ ಅಡಗಿದ್ದವೋ, ಯಾರು ಹೇಳಿ ಕಳಿಸಿದರೋ.

ಬೀಗದ ಕೈ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ‘ಬಾಯಮ್ಮಾ, ಹೂ ಬಿಟ್ಟಿತು!’ ಎಂಬ ಮಾತು ನಾಲಗೆಯ ತುದಿಯವರೆಗೆ ಬಂದು ನಿಂತಿತು.

ನಾವಿರುವುದು ಅಬುಧಾಬಿಯ ಪೇಟೆಯಿಂದ ಹೊರಗೆ, ಒಂದು ವಿಲ್ಲಾದಲ್ಲಿ. ವಿಲ್ಲಾ ಎಂದ ಕೂಡಲೇ ಊರಿನವರು ಬಂಗಲೆ ಎಂದುಕೊಳ್ಳುತ್ತಾರೆ. ಒಂದು ದೊಡ್ಡ ಮನೆಗೆ ಅಲ್ಲಲ್ಲಿ ಗೋಡೆ ಎಬ್ಬಿಸಿ ನಾಲ್ಕಾರು ಸಂಸಾರಗಳಿಗೆ ಬಾಡಿಗೆಗೆ ಕೊಟ್ಟದ್ದು ಅದು. ಒಬ್ಬರ ಒಗ್ಗರಣೆಗೆ ಇನ್ನೊಬ್ಬರು ಸೀನಬೇಕು, ಹಾಗೆ. ಹಿಂಬದಿಯ ಎರಡು ಪೋರ್ಶನ್‌ಗಳಲ್ಲಿ ಒಂದು ನಮ್ಮದು, ಇನ್ನೊಂದು ಬಾಯಮ್ಮನದಾಗಿತ್ತು. ಎರಡರ ಮುಂದೆಯೂ ಕಂಪೌಂಡು ಗೋಡೆಯವರೆಗೆ ಒಂದೇ ಮರಳಿನ ಅಂಗಳ.

ನಮ್ಮ ಕಡೆ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆಯ ಹಿರಿಯ ಹೆಂಗಸರನ್ನು ಬಾಯಮ್ಮ ಎನ್ನುತ್ತೇವೆ. ಇವರು ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ನರ್ಸ್ ಆಗಿದ್ದರು. ಮದುವೆಯಾಗಿರಲಿಲ್ಲ. ನಾನು ಗಲ್ಫಿಗೆ ಬರುವ ಎಷ್ಟೋ ಮೊದಲೇ ಬಂದವರು. ‘ಈ ಅಬುಧಾಬಿಯಲ್ಲಿ ಮೀಸೆ ತಿರುಗಿಸಿಕೊಂಡು ಹೋಗುವ ಎಷ್ಟು ಗಂಡಸರ ಮೊದಲ ಅಳು ನಾನು ಕೇಳಿದ್ದೇನೆ ಗೊತ್ತುಂಟಾ ನಿಮಗೆ?’ ಎಂದು ಕೇಳುತ್ತಿದ್ದರು. ಡ್ಯೂಟಿ ಮುಗಿಸಿ ಬಂದು ಬಟ್ಟೆ ಬದಲಿಸುವ ಮೊದಲು ಅಂಗಳಕ್ಕೆ ಒಂದು ಸುತ್ತು ಹಾಕುವುದು ಅವರ ಅಭ್ಯಾಸ. ವಾರ್ಡಿನಲ್ಲಿ ರೌಂಡ್ಸ್ ಹೋಗುವ ಹಾಗೆಯೇ, ಕೈ ಹಿಂದೆ ಕಟ್ಟಿಕೊಂಡು, ಬಗ್ಗಿ ಬಗ್ಗಿ ನೋಡಿಕೊಂಡು.

ಅವರ ತೋಟ ವಿಚಿತ್ರದ್ದು. ನಾಲ್ಕು ಕುಂಡ ಮಲ್ಲಿಗೆ ಬಿಟ್ಟರೆ ಅವರು ತಾವಾಗಿ ಏನನ್ನೂ ನೆಟ್ಟವರಲ್ಲ. ತಾನಾಗಿ ಎದ್ದದ್ದನ್ನು ಸಾಕುವುದು ಮಾತ್ರ. ‘ನಾನು ಬಿತ್ತುದಿಲ್ಲ ಮಾರಾಯ್ರೆ, ಡೆಲಿವರಿ ಮಾತ್ರ ತೆಗೆಯುದು’ ಎನ್ನುತ್ತಿದ್ದರು. ಹುಟ್ಟಿದ ಮಗುವಿಗೆ ಹೆಸರಿಡುವವರೆಗೆ ಆಸ್ಪತ್ರೆಯಲ್ಲಿ ಕೈಗೆ ಒಂದು ಪ್ಲಾಸ್ಟಿಕ್ ಪಟ್ಟಿ ಕಟ್ಟುತ್ತಾರೆ. ಅದರಲ್ಲಿ ‘ಬೇಬಿ ಆಫ್’ ಎಂದು ತಾಯಿಯ ಹೆಸರು ಬರೆದಿರುತ್ತದೆ. ಗುಂಡಿ ಕೂರದೆ ಹಾಳಾಗಿ ಕಸಕ್ಕೆ ಹೋಗುವ ಅಂಥ ಪಟ್ಟಿಗಳನ್ನು ಬಾಯಮ್ಮ ಮನೆಗೆ ತರುತ್ತಿದ್ದರು. ಅಂಗಳದಲ್ಲಿ ಗುರುತಿಲ್ಲದ ಸಸಿ ಎರಡೆಲೆ ಬಿಟ್ಟಿತೆಂದರೆ ಪಕ್ಕದಲ್ಲಿ ಒಂದು ಐಸ್‌ಕ್ರೀಂ ಕಡ್ಡಿ ಊರಿ, ಅದಕ್ಕೆ ಪಟ್ಟಿ ಕಟ್ಟಿ, ಅದು ಎದ್ದ ಜಾಗವನ್ನು ತಾಯಿಯೆಂದು ಬರೆಯುತ್ತಿದ್ದರು. ‘ಬೇಬಿ ಆಫ್ ಪಾತ್ರೆ ನೀರು.’ ಪಾತ್ರೆ ತೊಳೆದ ನೀರು ಚೆಲ್ಲುವಲ್ಲಿ ಎದ್ದದ್ದು, ಮುಂದೆ ಟೊಮೆಟೊ ಆಯಿತು. ‘ಬೇಬಿ ಆಫ್ ಮೈನಾ.’ ಹಕ್ಕಿಗೆ ಹಾಕಿದ ಕಾಳಿನಿಂದ ಬಂದದ್ದು, ತೆನೆ ಬಂದ ಮೇಲೆ ಸಜ್ಜೆ ಎಂದು ತಿಳಿಯಿತು. ‘ಬೇಬಿ ಆಫ್ ಮಲ್ಲಿಗೆ ಕುಂಡ.’ ಅದು ನಮ್ಮೂರ ಬೇಲಿಬದಿಯ ಕಿರುನೆಲ್ಲಿ. ಊರಿನಿಂದ ಮಲ್ಲಿಗೆ ಗಿಡ ತರುವಾಗ ಬೇರಿನ ಮಣ್ಣಿನಲ್ಲಿ ಅಡಗಿ ಬಂದದ್ದು. ಅದರ ಎಲೆಯ ಅಡಿಯಲ್ಲಿ ಸಾಲಾಗಿ ಕೂತ ಸಾಸಿವೆಯಷ್ಟು ಕಾಯಿಗಳನ್ನು ಕಂಡ ದಿನ ನನ್ನ ಹೆಂಡತಿ ನೆಲದಲ್ಲಿ ಕೂತು ಸುಮ್ಮನೆ ನೋಡಿದಳು. ಚಿಕ್ಕಂದಿನಲ್ಲಿ ಕಾಮಾಲೆಯಾದಾಗ ಅವಳ ಅಜ್ಜಿ ಅದನ್ನೇ ಅರೆದು ಕುಡಿಸಿದ್ದರಂತೆ.

ಹೂ ಬಿಡುವ ಮೊದಲು ಯಾವ ಗಿಡದ ಹೆಸರನ್ನೂ ಹೇಳಬಾರದು. ಇದು ಬಾಯಮ್ಮನ ಕಾನೂನು. ಎಲೆ ನೋಡಿ ಗೊತ್ತಾದರೂ ಹೇಳಬಾರದು. ‘ಹುಟ್ಟಿದ ಮಕ್ಕಳು ನೋಡ್ಲಿಕ್ಕೆ ಎಲ್ಲ ಒಂದೇ. ಮುಖ ಬರ್ಲಿಕ್ಕೆ ಬಿಡಿ.’

ನನಗೆ ಮೊದಮೊದಲು ಇದೆಲ್ಲ ಮಕ್ಕಳಾಟ ಎನಿಸುತ್ತಿತ್ತು. ನನ್ನ ಕಸುಬು ಇಂಟರ್‌ಲಾಕ್ ಕಲ್ಲು ಹಾಸುವುದು. ನಾನು ಹಾಸಿದ ಅಂಗಳದ ಮೇಲೆ ತುಂಬಿದ ಲೋಟ ಇಟ್ಟರೆ ನೀರು ಒಂದು ಬದಿಗೆ ವಾಲುವುದಿಲ್ಲ. ಎರಡು ಕಲ್ಲಿನ ಸಂದಿನಲ್ಲಿ ಹುಲ್ಲಿನ ಎಸಳು ಏಳುವುದಿಲ್ಲ. ಹೆಗ್ಗಳಿಕೆಗೆ ಹೇಳುತ್ತಿಲ್ಲ, ಬೇಕಾದವರು ಬಂದು ನೋಡಬಹುದು. ಒಮ್ಮೆ ಬಾಯಮ್ಮನಿಗೂ ಹಾಗೆಯೇ ಹೇಳಿದ್ದೆ. ‘ಹೌದು ಕಂಟ್ರಾಕ್ಟರ್ರೇ, ನೀವು ಮುಚ್ಚಳ ಹಾಕಿ, ಪಾಪ, ಒಳಗಿನವರಿಗೆ ಉಸಿರು ಕಟ್ಟಲಿ’ ಎಂದು ನಕ್ಕಿದ್ದರು.

ಒಂದು ಚಳಿಗಾಲದಲ್ಲಿ ನಮ್ಮ ಏಸಿಯ ನೀರು ತೊಟ್ಟಿಕ್ಕುವ ಪೈಪಿನ ಕೆಳಗೆ ಒಂದು ಸಸಿ ಎದ್ದಿತು. ಕಡ್ಡಿಯಷ್ಟು ತೆಳ್ಳಗೆ, ಎರಡೂ ಬದಿ ಸಣ್ಣ ಸಣ್ಣ ಎಲೆ. ಬಾಯಮ್ಮ ಬಂದು ಪಟ್ಟಿ ಕಟ್ಟಿದರು. ‘ಬೇಬಿ ಆಫ್ ಏಸಿ ಪೈಪ್. ನಿಮ್ಮ ಏಸಿಯದ್ದು ಮಾರಾಯ್ರೆ, ಹಾಗಾಗಿ ನಿಮ್ಮದೇ ಮಗು. ಕಳೆ ಅಂತ ಕಿತ್ತು ಬಿಸಾಡಿದ್ರೆ ನೋಡಿ!’

ನನಗೂ ಹೆಂಡತಿಗೂ ಸಂಶಯವೇ ಇರಲಿಲ್ಲ. ಅದು ಹುಣಸೆ. ಅಡುಗೆಮನೆಯ ಕಿಟಕಿ ಅಲ್ಲೇ ಇತ್ತು. ಹುಳಿ ಹಿಂಡಿ ಬೀಜ, ಸಿಪ್ಪೆ ಎಲ್ಲ ಅವಳು ಎಸೆಯುತ್ತಿದ್ದದ್ದು ಆ ಕಿಟಕಿಯಿಂದಲೇ. ಯಾವ ಗಿಡ ಕಂಡರೂ ನಮ್ಮ ಕಡೆಯವರು ಕೇಳುವ ಮೊದಲ ಪ್ರಶ್ನೆ ಅದನ್ನು ಪದಾರ್ಥ ಮಾಡಬಹುದೇ ಎಂದು. ಅವಳು ಆಗಲೇ ಹುಣಸೆ ಚಿಗುರಿನ ಚಟ್ನಿಯ ಕನಸು ಕಾಣತೊಡಗಿದ್ದಳು. ಒಂದು ಸಂಜೆ ನಾಲ್ಕು ಚಿಗುರು ಕೀಳಲು ಹೋದವಳು ‘ಅಬ್ಬಾ!’ ಎಂದು ಕೈ ಹಿಂದೆ ತೆಗೆದಳು. ಬೆರಳಲ್ಲಿ ರಕ್ತದ ಚುಕ್ಕೆ.

‘ಹುಣಸೆಗೆ ಮುಳ್ಳುಂಟಾ ಬಾಯಮ್ಮಾ?’

‘ಹುಣಸೆ ಅಂತ ನಿನಗೆ ಹೇಳಿದ್ದು ಯಾರು ಮಗಾ? ಅದಾಗಿ ಹೇಳಿತಾ?’

ಆಗ ಶಾಲೆಗೆ ಹೋಗುತ್ತಿದ್ದ ನನ್ನ ಮಗಳು ಫೋನು ಹಿಡಿದು ಬಂದಳು. ಗಿಡದ ಫೋಟೋ ತೆಗೆದರೆ ಹೆಸರು ಹೇಳುವ ಆ್ಯಪ್ ಅದರಲ್ಲಿತ್ತು. ‘ಅಪ್ಪಾ, ಇಟ್ಸ್ ಮಿಮೋಸಾ. ಸೆವೆಂಟಿ ಪರ್ಸೆಂಟ್ ಶ್ಯೂರ್.’ ಎಂದರೆ ಮುಟ್ಟಿದರೆ ಮುನಿ ಗಿಡ. ನಾನು ಮುಟ್ಟಿ ನೋಡಿದೆ, ಎಲೆ ಮುದುಡಲಿಲ್ಲ. ಬಾಯಮ್ಮ ಸೊಂಟಕ್ಕೆ ಕೈಕೊಟ್ಟು, ‘ಉಳಿದ ಥರ್ಟಿ ಪರ್ಸೆಂಟ್ ಯಾರ ಮಗು ಅಂತ ಕೇಳು ನಿನ್ನ ಫೋನಿಗೆ’ ಎಂದರು. ಮರುದಿನ ಅದೇ ಫೋನು ಅದೇ ಗಿಡಕ್ಕೆ ಬೇರೆ ಹೆಸರು ಹೇಳಿತು.

ಬೇಸಿಗೆ ಬಂತು. ಜುಲೈ ತಿಂಗಳಲ್ಲಿ ನಾವು ಒಂದೂವರೆ ತಿಂಗಳು ಊರಿಗೆ ಹೋದೆವು. ಏಸಿ ಬಂದ್, ನೀರೂ ಬಂದ್. ಬಾಯಮ್ಮನಿಗೂ ಆ ಸಲ ನೈಟ್ ಡ್ಯೂಟಿಯ ಮೇಲೆ ಡ್ಯೂಟಿ. ತಿರುಗಿ ಬಂದಾಗ ಅಂಗಳದ ಮಕ್ಕಳೆಲ್ಲ ಒಣಗಿ ಹಪ್ಪಳವಾಗಿದ್ದರು. ಕಿರುನೆಲ್ಲಿಯೂ ಹೋಗಿತ್ತು. ಪೈಪಿನ ಕೆಳಗಿನದು ಮಾತ್ರ ಹಾಗೇ ನಿಂತಿತ್ತು, ಹೊಸ ಚಿಗುರು ಬೇರೆ ಬಿಟ್ಟುಕೊಂಡು. ಕೆಲಸದಾಳುಗಳಿಗೇ ಮಧ್ಯಾಹ್ನ ಹೊರಗೆ ದುಡಿಯಬಾರದೆಂದು ನಿಯಮವಿರುವ ಬಿಸಿಲು ಅದು. ಏನು ಕುಡಿದು ಬದುಕಿತು ಇದು? ನಾನು ಬಗ್ಗಿ ಮರಳು ಮುಟ್ಟಿ ನೋಡಿದೆ. ಹಂಚಿನ ಹಾಗೆ ಕಾದಿತ್ತು.

ಅದರ ಮರುವರ್ಷ ಬಾಯಮ್ಮನ ನಿವೃತ್ತಿ. ಕೆಲಸ ಮುಗಿದರೆ ವೀಸಾ ಮುಗಿಯಿತು, ವೀಸಾ ಮುಗಿದರೆ ಹೊರಡಬೇಕು. ಇಲ್ಲಿಯ ಲೆಕ್ಕ ಅಷ್ಟೇ. ಉಡುಪಿಯ ಕಡೆ ತಂಗಿಯ ಮನೆಗೆ ಹೋಗುತ್ತೇನೆ ಎಂದರು. ಮಲ್ಲಿಗೆ ಕುಂಡಗಳನ್ನು ಅವರಿವರಿಗೆ ಹಂಚಿದರು. ಅದೇ ಹೊತ್ತಿಗೆ ಮನೆಯ ಮಾಲೀಕನ ಫೋನು ಬಂತು. ನಾವೆಲ್ಲ ಅರಬಾಬ್ ಎಂದು ಕರೆಯುವ ಆ ಮುದುಕ ಅಂಗಳಕ್ಕೆ ಪೂರ್ತಿ ಇಂಟರ್‌ಲಾಕ್ ಹಾಸಿ ಕಾರು ನಿಲ್ಲಿಸುವ ಜಾಗ ಮಾಡಿಸಬೇಕೆಂದಿದ್ದ. ಕೆಲಸ ನನಗೇ. ಕೂಡಲೇ ಒಪ್ಪಿಕೊಂಡೆ. ನನ್ನ ಮನೆಯ ಬಾಗಿಲಿಗೇ ಬಂದ ಕೆಲಸ ಬಿಡುವುದುಂಟೇ?

ವಿಷಯ ಕೇಳಿ ಬಾಯಮ್ಮ ‘ನಿಮ್ಮ ಕೆಲಸ, ನೀವು ಮಾಡ್ಬೇಕು’ ಎಂದರು ಅಷ್ಟೆ. ಆದರೆ ಆ ಸಂಜೆ ರೌಂಡ್ಸಿಗೆ ಬಂದವರು ಪೈಪಿನ ಬಳಿ ನಿಂತವರು ನಿಂತೇ ಇದ್ದರು. ಮೊಣಕಾಲೆತ್ತರದ ಗಿಡ. ಇಷ್ಟು ಕಾಲವಾದರೂ ಒಂದು ಮೊಗ್ಗು ಬಿಟ್ಟಿರಲಿಲ್ಲ. ಎಷ್ಟೋ ಸಾವಿರ ಮಕ್ಕಳನ್ನು ಕೈಗೆತ್ತಿಕೊಂಡು ‘ಗಂಡು’, ‘ಹೆಣ್ಣು’ ಎಂದು ತಾಯಂದಿರಿಗೆ ಹೇಳಿದವರು, ಇದೊಂದು ಯಾರೆಂದು ತಿಳಿಯದೆ ಹೊರಡಬೇಕಾಗಿತ್ತು.

‘ಬಾಯಮ್ಮಾ, ಬೇರು ಸಮೇತ ಎತ್ತಿ ದೊಡ್ಡ ಕುಂಡದಲ್ಲಿ ಇಡ್ತೇನೆ. ಹೂ ಬಿಟ್ಟ ದಿನ ಫೋನ್ ಮಾಡ್ತೇನೆ. ಆಯ್ತಾ?’ ಎಂದೆ.

ಆ ಶುಕ್ರವಾರ ಬೆಳಿಗ್ಗೆ ಅಗೆಯಲು ಕೂತೆ. ಅವರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಎದುರು ಕೂತರು. ಇಷ್ಟು ಗಿಡಕ್ಕೆ ಒಂದು ಗೇಣು ಬೇರಿದ್ದೀತು ಎಂಬುದು ನನ್ನ ಲೆಕ್ಕ. ಗೇಣು ಅಗೆದೆ. ಬೇರು ಪೆನ್ಸಿಲಿನಷ್ಟು ದಪ್ಪ, ನೆಟ್ಟಗೆ ಕೆಳಗೆ ಹೋಗಿತ್ತು. ಮೊಳ ಅಗೆದೆ. ಅದೇ ದಪ್ಪ. ಗುಂಡಿಯನ್ನು ಅಗಲ ಮಾಡಿ ಒಳಗಿಳಿದೆ. ಮೊಣಕಾಲಿನವರೆಗೆ, ತೊಡೆಯವರೆಗೆ... ಮರಳು ಜಾರುತ್ತಿತ್ತು, ಹಲಗೆ ಕೊಟ್ಟು ತಡೆದೆ. ಸೊಂಟದಾಳಕ್ಕೆ ಇಳಿದಾಗಲೂ ಬೇರು ಒಂಚೂರೂ ಸಣ್ಣಗಾಗಿರಲಿಲ್ಲ, ಅತ್ತಿತ್ತ ತಿರುಗಿರಲಿಲ್ಲ. ನಾನು ತೂಕದ ಗುಂಡು ಕಟ್ಟಿ ಬಿಟ್ಟ ದಾರವೂ ಅಷ್ಟು ನೆಟ್ಟಗೆ ಇಳಿಯುತ್ತದೋ ಇಲ್ಲವೋ. ಕೈಯಿಂದ ಮರಳು ಸರಿಸಿ ಸರಿಸಿ ನೋಡಿದೆ. ಗುಂಡಿ ಎದೆಮಟ್ಟಕ್ಕೆ ಬಂದಾಗ ಮರಳು ತಣ್ಣಗಿತ್ತು. ಮೇಲೆ ಮೊಣಕಾಲೆತ್ತರ ತೋರಿಸಿಕೊಂಡು, ಕೆಳಗೆ ಎಲ್ಲಿಗೆ ಹೊರಟಿತ್ತು ಇದು? ಯಾರು ಹೇಳಿದ್ದರು ಇದಕ್ಕೆ, ಕೆಳಗೆ ನೀರಿದೆ, ಹೋಗು ಎಂದು?

ನಾನು ಜೀವಮಾನವಿಡೀ ನೆಲ ಅಗೆದವನು. ಕೋರೆಯಲ್ಲಿ ಅಗೆದಿದ್ದೇನೆ, ಇಲ್ಲಿ ಎಷ್ಟೋ ಅಂಗಳಗಳನ್ನು ಅಗೆದಿದ್ದೇನೆ. ಅಗೆಯುತ್ತಾ ಹೋಗಿ ಹೆದರಿದ್ದು ಅದೊಂದೇ ಸಲ. ಹೆದರಿಕೆ ಎಂದರೆ ಕೆಟ್ಟ ಹೆದರಿಕೆಯಲ್ಲ. ದೊಡ್ಡವರ ಮನೆಗೆ ಕೇಳದೆ ನುಗ್ಗಿದ ಹಾಗೆ...

ಬಾಯಮ್ಮ ಕುರ್ಚಿಯಿಂದ ಎದ್ದು ಗುಂಡಿಯ ಅಂಚಿಗೆ ಬಂದು ಬಗ್ಗಿದರು. ಆಮೇಲೆ ಮೆಲ್ಲ ಹೇಳಿದರು: ‘ಇದು ಹೊಕ್ಕುಳಬಳ್ಳಿ ಮಾರಾಯ್ರೆ. ಕತ್ತರಿ ಹಾಕ್ಬೇಡಿ. ಸಾಕು, ಮುಚ್ಚಿ.’

ಮುಚ್ಚಿದೆ. ತೆಗೆದ ಮರಳನ್ನೆಲ್ಲ ಪದರ ಪದರವಾಗಿ ತುಂಬಿ, ನೀರು ಹೊಯ್ದು ಕೂರಿಸಿದೆ. ‘ಅಲ್ಲಿ ಕಲ್ಲು ಹಾಸುದಿಲ್ಲ ಬಾಯಮ್ಮಾ’ ಎಂದೆ. ‘ಅರಬಾಬ್ ಬೈದ್ರೆ?’ ಎಂದರು. ‘ಬೈಯಲಿ’ ಎಂದೆ. ಅವರು ನನ್ನ ತಲೆಯ ಮೇಲಿನ ಮರಳು ಕೊಡವಿದರು. ಆ ವಾರವೇ ಹೊರಟುಹೋದರು. ಏರ್‌ಪೋರ್ಟಿಗೆ ನಾನೇ ಬಿಟ್ಟು ಬಂದೆ. ದಾರಿಯಲ್ಲಿ ಹೇಳಿದ್ದು ಒಂದೇ ಮಾತು: ‘ಕಾಂಡ ದಪ್ಪ ಆದ ಹಾಗೆ ಪಟ್ಟಿ ಬಿಗಿ ಆಗ್ತದೆ, ನೋಡ್ಕೊಳ್ಳಿ.’ ಗಿಡ ಬಲಿತ ಮೇಲೆ ಕಡ್ಡಿ ತೆಗೆದು ಪಟ್ಟಿಯನ್ನು ಕಾಂಡಕ್ಕೇ ಕಟ್ಟಿದ್ದರು.

ಅಂಗಳ ಹಾಸಿದೆ. ಗಿಡದ ಸುತ್ತ ಕಲ್ಲನ್ನು ಒಂದೊಂದಾಗಿ ಓರೆಗೆ ಕೊಯ್ದು ದುಂಡಗೆ ಬಳೆಯ ಹಾಗೆ ಕೂರಿಸಿದೆ. ಅಷ್ಟು ಚಂದದ ಕೆಲಸ ಅದಕ್ಕಿಂತ ಮೊದಲು ನಾನು ಮಾಡಿರಲಿಲ್ಲ. ಮುಗಿದ ದಿನ ಅರಬಾಬ್ ಬಂದ. ಬಿಳಿ ಉಡುಪು, ಕೈಯಲ್ಲಿ ಕೋಲು. ಬಳೆಯ ಹತ್ತಿರ ನಿಂತು ಕೋಲು ತೋರಿಸಿ ಗಲ್ಫಿನ ಹಿಂದಿಯಲ್ಲಿ ಗದರಿದ: ‘ಯೇ ಕ್ಯಾ ಹೈ? ಗಾಡಿ ಕಿಧರ್ ಜಾಯೇಗಾ?’

ನಾನು ಉತ್ತರ ಹುಡುಕುವಷ್ಟರಲ್ಲಿ ಅವನ ಕೋಲು ಕೆಳಗಿಳಿದಿತ್ತು. ಬಗ್ಗಿ ಎಲೆ ನೋಡಿದ, ಮುಳ್ಳು ನೋಡಿದ. ‘ಕೌನ್ ಲಗಾಯಾ?’ ಎಂದ.

‘ಕೋಯಿ ನಹೀ, ಬಾಬಾ. ಅಪ್ನೇ ಆಪ್’ ಎಂದೆ. ಯಾರೂ ನೆಡಲಿಲ್ಲ, ತಾನೇ ಬಂತು, ಎಂದು.

‘ಅಲ್ಲಾಹ್...’ ಎಂದವನು, ಕಲ್ಲಿನ ಮೇಲೆಯೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಆಮೇಲೆ ಅದರ ಹೆಸರು ಹೇಳಿದ. ಗಾಫ್. ಮರಳುಗಾಡಿನ ಮರ. ಮಳೆಗೆ ಕಾಯುವುದಿಲ್ಲವಂತೆ, ನೀರಿದ್ದಲ್ಲಿಗೆ ಬೇರನ್ನು ತಾನೇ ಕಳಿಸುತ್ತದಂತೆ. ಅವನು ಚಿಕ್ಕವನಿದ್ದಾಗ ಪೇಟೆಯಿಲ್ಲ, ಅಂಗಡಿಯಿಲ್ಲ. ಅವನ ತಾಯಿ ಇದರ ಎಳೆಯ ಎಲೆಯನ್ನು ಕೊಚ್ಚಿ ಒಣಮೀನಿನ ಜೊತೆ ಕಲಸಿ ಕೊಡುತ್ತಿದ್ದರಂತೆ. ಕಿಟಕಿಯ ಹಿಂದೆ ನಿಂತಿದ್ದ ನನ್ನ ಹೆಂಡತಿ ನನ್ನನ್ನೇ ನೋಡಿದಳು. ‘ನಾನು ಹೇಳಿದ್ದೆನಲ್ಲ, ತಿನ್ನಬಹುದೆಂದು’ ಎಂಬಂಥ ನೋಟ. ಕೊನೆಗೆ ಅರಬಾಬ್ ಎದ್ದು, ‘ಇಸ್ಕೋ ಹಾಥ್ ಮಾಫಿ ಲಗಾನಾ. ಖಲಾಸ್’ ಎಂದ. ಮುಟ್ಟಬೇಡ, ಮಾತು ಮುಗಿಯಿತು, ಎಂದು. ಅಂದಿನಿಂದ ಬಂದಾಗಲೆಲ್ಲ ತನ್ನ ಕಾರನ್ನು ಬೀದಿಯಲ್ಲೇ ನಿಲ್ಲಿಸಿದ.

ಆ ದಿನ ಅವನು ಗೇಟು ದಾಟುವ ಮೊದಲೇ ನಾನು ಬಾಯಮ್ಮನಿಗೆ ಫೋನು ಹಚ್ಚಿದ್ದೆ. ‘ಗೊತ್ತಾಯ್ತು ಬಾಯಮ್ಮಾ! ಅರಬಾಬ್ ಹೇಳಿದ. ಅದು—’

‘ಹೂ ಬಿಟ್ಟಿತಾ?’

‘ಇಲ್ಲ, ಆದ್ರೆ ಅವನಿಗೆ ಖಂಡಿತ ಗೊತ್ತುಂಟು—’

‘ಹೇಳ್ಬೇಡಿ ಮಾರಾಯ್ರೆ. ಹೂ ಬಿಡಲಿ. ಈಗಲೇ ಹೇಳಿದ್ರೆ ಮತ್ತೆ ನಾನು ನಿಮಗೆ ಫೋನ್ ಮಾಡುದು ಯಾಕೆ?’

ಅಲ್ಲಿಂದ ಮುಂದೆ ವರ್ಷಗಟ್ಟಲೆ ಅದೇ ಮಾತುಕತೆ. ಕ್ರಿಸ್ಮಸ್ಸಿಗೆ, ಈಸ್ಟರಿಗೆ, ನಡುವೆ ಸುಮ್ಮನೆ ನೆನಪಾದಾಗ. ‘ಏಸಿಯ ಮಗು ಹೇಗುಂಟು?’ ಎಂದು ಶುರು. ಎದೆಮಟ್ಟ ಬಂತು ಬಾಯಮ್ಮಾ. ಗೋಡೆ ದಾಟಿತು. ಹಕ್ಕಿ ಗೂಡು ಕಟ್ಟಿತು. ಪಟ್ಟಿ ಕಾಂಡಕ್ಕೆ ಬಿಗಿಯಾಯಿತು, ಕೊಂಬೆಗೆ ಕಟ್ಟಿದೆ; ಅಲ್ಲೂ ಬಿಗಿಯಾಯಿತು, ಬಿಚ್ಚಿ ಇಟ್ಟುಕೊಂಡೆ. ಹೂ ಮಾತ್ರ ಇಲ್ಲ. ಹೆಸರು ನನ್ನ ಗಂಟಲಲ್ಲಿ ಕೂತಿರುತ್ತಿತ್ತು. ಹೇಳಿಬಿಡಬಹುದಿತ್ತು, ಒಂದೇ ಉಸಿರಿನ ಮಾತು. ಆದರೆ ಅವರು ಕಾಯುವ ರೀತಿಯಲ್ಲಿ ಒಂದು ಸುಖವಿತ್ತು. ಅದನ್ನು ಕಸಿದುಕೊಳ್ಳಲು ನಾನು ಯಾರು?

ಹೋದ ವರ್ಷ ಮಳೆಗಾಲದಲ್ಲಿ ಮಾತಾಡಿದಾಗ ಅವರ ಉಸಿರು ನಡುನಡುವೆ ಕಡಿಯುತ್ತಿತ್ತು. ಹೃದಯದ ತೊಂದರೆ ಎಂದು ತಂಗಿ ಹೇಳಿದ್ದರು. ನನಗೆ ತಡೆಯಲಿಲ್ಲ.

‘ಬಾಯಮ್ಮಾ, ಈಗ ಹೇಳ್ಲಾ?’

‘ಹೂ ಬಿಟ್ಟಿತಾ?’

‘ಇಲ್ಲ.’

‘ಮತ್ತೆಂತ ಅವಸರ ನಿಮಗೆ?’

ಅದೇ ಕೊನೆಯ ಮಾತು. ಮುಂದಿನ ಫೋನು ತಂಗಿಯದು...

ಅವರಿದ್ದ ಪೋರ್ಶನ್ನಿನಲ್ಲಿ ಈಗ ಹುಬ್ಬಳ್ಳಿಯ ಕಡೆಯ ಸಂಸಾರವೊಂದಿದೆ. ಬಂದ ಹೊಸತರಲ್ಲಿ ಆ ಮನೆಯಾಕೆ ಮರದ ಕೆಳಗೆ ನಿಂತು ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದರು. ‘ಅಣ್ಣಾರ, ಇದು ಬನ್ನಿ ಅಲ್ಲೇನ್ರಿ? ದಸರಾಕ್ಕ ಇದರ ಎಲೀನ ಬಂಗಾರ ಅಂತ ಕೊಟ್ಟು ಹಿರ್‍ಯಾರ ಕಾಲಿಗೆ ಬೀಳ್ತೀವಲ್ರೀ ನಾವು! ಇದನ್ನ ಇಲ್ಲಿಗೆ ಯಾರ ತಂದ್ರು?’ ಕರಾವಳಿಯ ನಮಗೆ ಬನ್ನಿಯ ಹೆಸರು ಗೊತ್ತು, ಗಿಡದ ಗುರುತಿಲ್ಲ. ಅರಬ್ಬಿಯ ತಾಯಿ ಮಗನಿಗೆ ಉಣ್ಣಿಸಿದ ಎಲೆಯೂ, ಹುಬ್ಬಳ್ಳಿಯಾಕೆ ಹಿರಿಯರ ಕೈಗೆ ಬಂಗಾರವೆಂದು ಇಡುವ ಎಲೆಯೂ ಒಂದೇ. ನಾವು ಅದನ್ನು ಚಟ್ನಿ ಮಾಡಲು ಹೊರಟಿದ್ದೆವು. ‘ಯಾರೂ ತರಲಿಲ್ಲ ಅಕ್ಕ, ತಾನೇ ಬಂತು’ ಎಂದೆ. ಆಕೆ ಮರಕ್ಕೆ ಕೈ ಮುಗಿದರು. ನಾನೂ ಮುಗಿದೆ. ಮುಗಿಯಬಾರದೇನು? ಅದರ ಬೇರು ನಾನು ನೋಡಿದ್ದೇನೆ.

ಹೂ ಬಿಟ್ಟ ಆ ಬೆಳಿಗ್ಗೆ ನಾನು ಕೆಲಸಕ್ಕೆ ತಡವಾಗಿ ಹೋದೆ. ಒಂದು ಕುಚ್ಚನ್ನು ಬಗ್ಗಿಸಿ ಹತ್ತಿರದಿಂದ ನೋಡಿದೆ. ಒಂದು ಹೂವಲ್ಲ ಅದು, ನೂರಾರು ಹೂಗಳು ಒತ್ತೊತ್ತಾಗಿ ಕೂತದ್ದು. ಒಂದೊಂದರಲ್ಲೂ ಪುಸ್ತಕದ ಚಿತ್ರದಲ್ಲಿದ್ದದ್ದೆಲ್ಲ ಇದ್ದಿರಬೇಕು. ನನಗೆ ಗೆರೆ ಎಳೆದು ಹೆಸರು ಬರೆಯಲು ಬರುವುದಿಲ್ಲ. ಮುಖ ಬಂತು, ಅಷ್ಟು ಗೊತ್ತಾಯಿತು. ಫೋನು ತೆಗೆದು ಬಾಯಮ್ಮನ ನಂಬರಿನವರೆಗೆ ಹೋದೆ. ಒತ್ತಲಿಲ್ಲ.

ಈಗ ನನ್ನಲ್ಲಿರುವುದು ಇಷ್ಟು. ಒಂದು ಪಿಕಪ್. ನೆಲ ಗುದ್ದುವ ಯಂತ್ರ ಒಂದು. ಕೈಕೆಳಗೆ ಒಂಬತ್ತು ಆಳು. ಒಬ್ಬಳು ಹೆಂಡತಿ, ದುಬೈಯಲ್ಲಿ ಆಫೀಸಿಗೆ ಹೋಗುವ ಒಬ್ಬಳು ಮಗಳು. ಅಂಗಳದಲ್ಲಿ ಹೂ ಬಿಟ್ಟ ಒಂದು ಮರ, ಅದಕ್ಕೆ ಎರಡು ಹೆಸರು. ಪಿಕಪ್ಪಿನ ಕನ್ನಡಿಗೆ ನೇತುಹಾಕಿದ, ಶಾಯಿ ಮಾಸಿದ ಒಂದು ಕೈಪಟ್ಟಿ. ಅಳಿಸದೆ ಇಟ್ಟುಕೊಂಡ ಒಂದು ಫೋನ್ ನಂಬರು.